ಎಂಟು ತಿಂಗಳಿಗೆ ನಾಲ್ಕೇ ಎಲೆ: ನನ್ನ ಅನುಬಿಯಾಸ್ ಸಾಯುತ್ತಿದೆಯೋ, ಸೋಮಾರಿಯೋ?

ಕೆಂಗೇರಿ_ಕಿಟಕಿ · ಭಾನುವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ಗುಂಪಿಗೆ ಹೊಸಬಳು. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದೇನೆ.

ಮನೆಯಲ್ಲಿ ಒಂದು ಮೀನಿನ ಟ್ಯಾಂಕ್ ಇದೆ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕಳೆದ ನವೆಂಬರ್‌ನಲ್ಲಿ ಹಾಕಿದ್ದು. ಒಂಬತ್ತು ಗಪ್ಪಿ ಮೀನು, ಎರಡು ಕಪ್ಪು ಮಾಲಿ ಮೀನು, ಜೊತೆಗೆ ಕರೆಯದೇ ಬಂದ ಲೆಕ್ಕವಿಲ್ಲದಷ್ಟು ಬಸವನಹುಳು. ಗಿಡ ಮೂರೇ ಥರ: ಅನುಬಿಯಾಸ್ ನಾನಾ, ಜಾವಾ ಫರ್ನ್, ಕ್ರಿಪ್ಟೊ. "ಇವು ಸಾಯೋದೇ ಇಲ್ಲ ಮೇಡಂ, ಕಲ್ಲು ಇದ್ದ ಹಾಗೆ" ಅಂತ ಹೇಳಿ ಅಂಗಡಿಯವರು ಕೊಟ್ಟಿದ್ದರು. ಕಲ್ಲಿನ ಹಾಗೇ ಇವೆ. ಬೆಳೆಯುವುದೇ ಇಲ್ಲ.

ಮೊದಲ ನಾಲ್ಕು ತಿಂಗಳು ಚೆನ್ನಾಗಿತ್ತು. ಏಪ್ರಿಲ್‌ನಿಂದ ಹಾಳು. ಅನುಬಿಯಾಸ್ ಇಲ್ಲಿಯವರೆಗೆ ಬಿಟ್ಟಿರುವುದು ನಾಲ್ಕೇ ಹೊಸ ಎಲೆ. ಅದರಲ್ಲಿ ಕೊನೆಯ ಎರಡು ಚಿಕ್ಕವು, ಬಿಳಿಚಿಕೊಂಡು ತಿರುಚಿವೆ. ಹಳೆಯ ಎಲೆಗಳ ಮೇಲೆ ಹಸಿರು ಚುಕ್ಕಿ, ಅಂಚಿಗೆ ಕಪ್ಪು ಗಡ್ಡದ ಥರ ಪಾಚಿ. ಜಾವಾ ಫರ್ನ್ ಎಲೆಯ ಹಿಂಬದಿಯಲ್ಲಿ ಕಪ್ಪು ಚುಕ್ಕಿ ಬಂತು, ರೋಗ ಅಂತ ಆರು ಎಲೆ ಕತ್ತರಿಸಿ ಹಾಕಿದೆ. ಕ್ರಿಪ್ಟೊ ಅಂತೂ ಬೇಯಿಸಿದ ಸೊಪ್ಪಿನ ಹಾಗೆ ಕರಗಿಹೋಯಿತು.

ಹದಿನೈದು ದಿನಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಾಯಿಸುತ್ತೇನೆ. ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪು, ಖನಿಜ ಎಲ್ಲದರ ಒಟ್ಟು ಅಳತೆ) 780 ತೋರಿಸುತ್ತದೆ. ಗೊಬ್ಬರ ಏನೂ ಹಾಕಿಲ್ಲ. ಲೈಟ್ ಬೆಳಿಗ್ಗೆ 7ಕ್ಕೆ ನಾನು ಹಾಕುತ್ತೇನೆ, ರಾತ್ರಿ ಸೀರಿಯಲ್ ಮುಗಿದ ಮೇಲೆ ಮಾವನವರು ಆರಿಸುತ್ತಾರೆ. ಎಲ್ಲಿ ತಪ್ಪಿದೆ?

ಪಾಚಿ_ಶತ್ರು · 10:20

ಸೀರಿಯಲ್ ಎಷ್ಟು ಗಂಟೆಗೆ ಮುಗಿಯುತ್ತದೆ ಮೇಡಂ?

ಕೆಂಗೇರಿ_ಕಿಟಕಿ · 10:23

ಒಂಬತ್ತೂವರೆ. ಕೆಲವು ದಿನ ಹತ್ತು.

ಪಾಚಿ_ಶತ್ರು · 10:31

ಅಂದರೆ ದಿನಕ್ಕೆ ಹದಿನಾಲ್ಕೂವರೆ ಗಂಟೆ ಲೈಟ್! ಅನುಬಿಯಾಸ್ ಆಫ್ರಿಕಾದ ಕಾಡಿನ ತೊರೆಗಳ ಪಕ್ಕ, ಮರದ ನೆರಳಲ್ಲಿ ಬೆಳೆಯುವ ಗಿಡ. ನೆರಳಿನ ಗಿಡ ಅಂತಲೇ ಈಜಿಪ್ಟಿನ ಪಾತಾಳದ ದೇವರು ಅನುಬಿಸ್ ಹೆಸರು ಇಟ್ಟಿದ್ದಾರೆ. ನೀವು ಅದನ್ನು ಮದುವೆ ಮಂಟಪದಲ್ಲಿ ಕೂರಿಸಿದ್ದೀರಿ. ಬೇಗ ಬೆಳೆಯುವ ಗಿಡವಾದರೆ ಜಾಸ್ತಿ ಬೆಳಕು ಸಿಕ್ಕಾಗ ಪಟಪಟ ಹೊಸ ಎಲೆ ಬಿಡುತ್ತದೆ, ಹಳೆಯದು ಉದುರುತ್ತದೆ. ಅನುಬಿಯಾಸ್ ಎಲೆ ಒಂದು ವರ್ಷಕ್ಕೂ ಮೀರಿ ಇರುತ್ತದೆ. ಕದಲದ ಜಾಗ, ದಿನವಿಡೀ ಬೆಳಕು, ಪಾಚಿಗೆ ಇನ್ನೇನು ಬೇಕು?

ಆರು ಗಂಟೆಗೆ ಇಳಿಸಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಟೈಮರ್ ಸಿಗುತ್ತದೆ. ಕೇಸ್ ಮುಗಿಯಿತು.

ಗಿರಿನಗರ_ಗಪ್ಪಿ · 10:38

ಟೈಮರ್ ತೆಗೆದುಕೊಳ್ಳುವುದಾದರೆ ಒಳಗೆ ಬ್ಯಾಟರಿ ಇರುವ ಡಿಜಿಟಲ್‌ದೇ ತೆಗೆದುಕೊಳ್ಳಿ ಅಕ್ಕ. ನನ್ನದು ತಿರುಗುವ ಚಕ್ರದ್ದು. ಕರೆಂಟ್ ಹೋದಷ್ಟು ಹೊತ್ತು ಅದೂ ನಿಲ್ಲುತ್ತದೆ. ಕಳೆದ ಮಳೆಗಾಲದಲ್ಲಿ ಹಿಂದೆ ಬಿದ್ದು ಬಿದ್ದು, ಕೊನೆಗೆ ರಾತ್ರಿ ಎರಡು ಗಂಟೆಗೆ ಹಾಲ್‌ನಲ್ಲಿ ಜಗಮಗ ಲೈಟ್. ಅಮ್ಮ ಕಳ್ಳ ಬಂದ ಅಂತ ಕೂಗಿ ಪಕ್ಕದ ಮನೆಯವರನ್ನೂ ಎಬ್ಬಿಸಿದರು.

ಹೊಳೆದಂಡೆ · 10:52

ಕೇಸ್ ಅಷ್ಟು ಬೇಗ ಮುಗಿಸಬೇಡಿ ಪಾಚಿ ಸಾರ್. ಲೈಟಿನಿಂದ ಪಾಚಿ ಬರುತ್ತದೆ ಸರಿ, ಹೊಸ ಎಲೆ ತಿರುಚುವುದಿಲ್ಲ. ಅಕ್ಕ, ಅನುಬಿಯಾಸ್ ನೆಟ್ಟಿದ್ದು ಹೇಗೆ? ಎಲೆಗಳೆಲ್ಲ ಹುಟ್ಟುವ, ಶುಂಠಿ ಥರ ಅಡ್ಡ ಮಲಗಿದ ದಪ್ಪ ಕಾಂಡ ಇದೆಯಲ್ಲ, ರೈಜೋಮ್, ಅದು ಜಲ್ಲಿಯೊಳಗೆ ಇದೆಯಾ?

ಇನ್ನೊಂದು ಮಾತು. ಜಾವಾ ಫರ್ನ್ ಎಲೆಯ ಹಿಂದೆ ಸಾಲಾಗಿ ಉಬ್ಬಿದ ಕಪ್ಪು ಚುಕ್ಕಿ ರೋಗ ಅಲ್ಲ. ಅವು ಬೀಜಕಗಳ ಗುಂಪು. ನಮ್ಮೂರ ತೋಟದ ಜರಿಗಿಡ ತಿರುಗಿಸಿ ನೋಡಿ, ಹೀಗೇ ಇರುತ್ತದೆ. ಪಾಪ, ಆರು ಒಳ್ಳೆಯ ಎಲೆ ಕತ್ತರಿಸಿದಿರಿ.

ಕೆಂಗೇರಿ_ಕಿಟಕಿ · 11:05

ಅಯ್ಯೋ ದೇವರೇ. ಕಸಕ್ಕೆ ಹಾಕುವಾಗ ಎಲೆ ತುದಿಯಲ್ಲಿ ಪುಟ್ಟ ಪುಟ್ಟ ಮರಿ ಗಿಡಗಳೂ ಇದ್ದವು.

ಹೌದು, ರೈಜೋಮ್ ಜಲ್ಲಿಯೊಳಗೇ ಇದೆ. ಗಿಡ ಅಂದರೆ ಹೂಳಬೇಕಲ್ವಾ?

ಹೊಳೆದಂಡೆ · 11:14

ಇದಕ್ಕೆ ಹೂಳಬಾರದು. ಬೇರು ಮಾತ್ರ ಕೆಳಗಿಳಿಯಲಿ, ರೈಜೋಮ್ ನೀರಲ್ಲೇ ಇರಬೇಕು. ಮುಚ್ಚಿದರೆ ಕೊಳೆಯುತ್ತದೆ. ನಿಧಾನಕ್ಕೆ ಎತ್ತಿ ಬೆರಳಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಬದುಕಿದೆ. ಮೆತ್ತಗಾಗಿ ವಾಸನೆ ಬಂದರೆ ಹೊಸ ಬ್ಲೇಡಿನಲ್ಲಿ ಗಟ್ಟಿ ಹಸಿರು ಕಾಣುವವರೆಗೆ ಕತ್ತರಿಸಿ ಹಾಕಿ. ಆಮೇಲೆ ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿ. ಜಾವಾ ಫರ್ನ್‌ಗೂ ಇದೇ ನಿಯಮ. ಕ್ರಿಪ್ಟೊ ಮಾತ್ರ ಬೇರೆ, ಅದನ್ನು ನೆಡಬೇಕು, ಬೇರಿನಲ್ಲೇ ಅದರ ಊಟ.

ಗಿರಿನಗರ_ಗಪ್ಪಿ · 11:16

ದಾರ ಯಾಕೆ, ಫೆವಿಕ್ವಿಕ್ ಹಾಕಿ. ಎರಡು ಹನಿ, ಒತ್ತಿ ಹಿಡಿಯಿರಿ, ಮುಗಿಯಿತು. ಬೆರಳೂ ಕಲ್ಲಿಗೆ ಅಂಟುತ್ತದೆ, ಅದು ಬೇರೆ ವಿಷಯ.

ಟ್ಯಾಂಕ್_ತಾತ · 11:40

ಅಂಟು ಒಣಗಿದರೆ ಮೀನಿಗೆ ತೊಂದರೆ ಇಲ್ಲ. ಆದರೆ ನೀರು ತಾಗಿದ ಕಡೆ ಬೆಳ್ಳಗೆ ಕಾಣುತ್ತದೆ. ನಾನು ಹತ್ತಿ ದಾರದವನು. ದಾರ ಕೊಳೆಯುವಷ್ಟರಲ್ಲಿ ಬೇರು ಹಿಡಿದಿರುತ್ತದೆ.

ನಮ್ಮ ಕಾಲದಲ್ಲಿ ಈ ಬಾಟಲಿ ಔಷಧ ಎಲ್ಲ ಎಲ್ಲಿತ್ತು! ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಫೋಟೋ ಸ್ಟುಡಿಯೋದಿಂದ ಹೈಪೋ ಹರಳು ತರುತ್ತಿದ್ದೆವು. ಒಂದು ಬಕೆಟ್‌ಗೆ ಎರಡು ಹರಳು. ಸ್ಟುಡಿಯೋದವನು "ಫಿಲ್ಮ್ ತೊಳೀತೀರೋ, ಮೀನು ತೊಳೀತೀರೋ" ಅನ್ನುತ್ತಿದ್ದ.

ಅಮ್ಮ, ಆ ಎರಡು ಮಾಲಿ ಹೇಗಿವೆ? ಅದನ್ನು ಯಾರೂ ಕೇಳಲೇ ಇಲ್ಲ.

ಎಚ್‌ಎಸ್‌ಆರ್_ಹುಡುಗ · 11:55

ಇದೆಲ್ಲ ಹಳೇ ಕಾಲದ ಮಾತು. ಮುಖ್ಯ ಸಮಸ್ಯೆ ಕಾರ್ಬನ್. ಒಂದು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ರೆಗ್ಯುಲೇಟರ್, ಗ್ಯಾಸನ್ನು ಸಣ್ಣ ಗುಳ್ಳೆಯಾಗಿ ನೀರಿಗೆ ಬಿಡುವ ಡಿಫ್ಯೂಸರ್ ಹಾಕಿಸಿ. ಜೊತೆಗೆ ಪೊಟ್ಯಾಶಿಯಂ ನೈಟ್ರೇಟ್ ವಾರಕ್ಕೆ ಒಂದು ಟೀ ಚಮಚ. ಗೊಬ್ಬರದ ಅಂಗಡಿಯಲ್ಲಿ 13-0-45 ಅಂತ ಕೇಳಿದರೆ ಕೊಡುತ್ತಾರೆ. ನನ್ನ ಬ್ಯೂಸ್ (ಬ್ಯೂಸೆಫಲಾಂಡ್ರಾ, ಅನುಬಿಯಾಸ್ ಥರದ್ದೇ ಗಿಡ) ಹತ್ತು ದಿನಕ್ಕೊಂದು ಎಲೆ ಬಿಡುತ್ತಿದೆ.

ಬಾಟನಿ_ಮೇಷ್ಟ್ರು · 12:10

ಒಂದು ಚಮಚ ಅಂದಿರಾ? ಸ್ವಲ್ಪ ಲೆಕ್ಕ ಹಾಕೋಣ. ಆ ಟ್ಯಾಂಕ್ ಸುಮಾರು 55 ಲೀಟರ್. ಪೊಟ್ಯಾಶಿಯಂ ನೈಟ್ರೇಟ್‌ನಲ್ಲಿ ತೂಕದ 61% ನೈಟ್ರೇಟ್. ಒಂದು ಟೀ ಚಮಚ ಐದೂವರೆ ಗ್ರಾಂ ಅಂದುಕೊಂಡರೂ ಒಂದೇ ಸಲಕ್ಕೆ 60 ಪಿಪಿಎಂ, ಅಂದರೆ ಲೀಟರಿಗೆ 60 ಮಿಲಿಗ್ರಾಂ, ಏರುತ್ತದೆ. ಹತ್ತು ಪಿಪಿಎಂ ಬೇಕಿದ್ದರೆ ಒಂದು ಗ್ರಾಂಗಿಂತ ಕಮ್ಮಿ ಸಾಕು. ಅದೂ ಮೂರು ನಿಧಾನದ ಗಿಡ, ಒಂಬತ್ತು ಗಪ್ಪಿ ಇರುವ ಕಡೆ ನೈಟ್ರೇಟ್ ಮೀನಿನಿಂದಲೇ ಬರುತ್ತದೆ. ಚಮಚದ ಲೆಕ್ಕ ಒಗ್ಗರಣೆಗೆ ಸರಿ.

ಎಚ್‌ಎಸ್‌ಆರ್_ಹುಡುಗ · 12:14

ಸಾರಿ ಸಾರ್, ನನ್ನದು ನಾಲ್ಕಡಿ ಟ್ಯಾಂಕ್, ತುಂಬ ಗಿಡ ಇದೆ. ಅದೇ ಲೆಕ್ಕ ಹೇಳಿಬಿಟ್ಟೆ.

ಪಾಚಿ_ಶತ್ರು · 12:15

ಮೂರು ಗಿಡಕ್ಕೆ ಸಿಲಿಂಡರ್ ಅಂತೆ. ಇರುವೆ ಮದುವೆಗೆ ಆನೆ ಮೇಲೆ ಮೆರವಣಿಗೆ.

ಎಚ್‌ಎಸ್‌ಆರ್_ಹುಡುಗ · 12:18

ಗ್ಯಾಸ್ ಹಾಕಿದರೆ ಅನುಬಿಯಾಸ್ ಬೇಗ ಬೆಳೆಯುವುದು ನಿಜ ಅಲ್ವಾ? ಅದನ್ನು ಹೇಳಿ ಮೊದಲು.

ಪಾಚಿ_ಶತ್ರು · 12:19

ನಿಜ. ಬೇಕಾಗಿಲ್ಲ ಅನ್ನುವುದೂ ನಿಜ.

ಕೆಂಗೇರಿ_ಕಿಟಕಿ · ಮಧ್ಯಾಹ್ನ 1:30

ಎಲ್ಲ ಎತ್ತಿ ನೋಡಿದೆ. ಒಂದು ಅನುಬಿಯಾಸ್ ಅರ್ಧ ಕೊಳೆತಿತ್ತು, ಹಿತ್ತಲ ಮೋರಿಯ ವಾಸನೆ. ಇನ್ನೆರಡರ ರೈಜೋಮ್ ಗಟ್ಟಿಯಾಗಿಯೇ ಇದೆ. ಆದರೆ ಅವುಗಳಲ್ಲೂ ಹೊಸ ಎಲೆ ತಿರುಚಿದೆ. ಅದು ಯಾಕೆ?

ತಾತ, ಮಾಲಿಗಳು ಇವೆ. ಆದರೆ ಒಂದು ತಿಂಗಳಿಂದ ಇದ್ದ ಜಾಗದಲ್ಲೇ ನಿಂತು ಮೈ ಅಲ್ಲಾಡಿಸುತ್ತವೆ, ಚಳಿ ಆದವರ ಹಾಗೆ. ಡ್ಯಾನ್ಸ್ ಮಾಡುತ್ತಿವೆ ಅಂತ ಮಗಳು ವಿಡಿಯೋ ಮಾಡಿಟ್ಟಿದ್ದಾಳೆ.

ಟ್ಯಾಂಕ್_ತಾತ · 1:48

ಡ್ಯಾನ್ಸ್ ಅಲ್ಲಮ್ಮ. ನಾನು ಅದನ್ನೇ ಅನುಮಾನಿಸಿದ್ದೆ. ಮಾಲಿಗೆ ಗಡಸು ನೀರು ಬೇಕು. ನೀರಲ್ಲಿ ಖನಿಜ ಸಾಲದೆ ಹೋದರೆ ಹೀಗೆ ಒದ್ದಾಡುತ್ತದೆ. ಬಸವನಹುಳುಗಳ ಚಿಪ್ಪು ನೋಡು. ಕಂದು ಬಣ್ಣ ಇದೆಯೋ, ಬೆಳ್ಳಗೆ ಸವೆದಿದೆಯೋ?

ಕೆಂಗೇರಿ_ಕಿಟಕಿ · 1:55

ಬೆಳ್ಳಗಾಗಿದೆ! ಕೆಲವದರಲ್ಲಿ ಮೇಲಿನ ಸುರುಳಿ ತೂತು ಬಿದ್ದಂತಿದೆ. ವಯಸ್ಸಾಗಿದೆ ಅಂದುಕೊಂಡಿದ್ದೆ.

ಪಾಚಿ_ಶತ್ರು · 2:02

ಇದು ಆಗದ ಮಾತು ತಾತ. ಟಿಡಿಎಸ್ 780 ಅಂತ ಅವರೇ ಬರೆದಿದ್ದಾರೆ. ಅಷ್ಟು ಇದ್ದ ಮೇಲೆ ಖನಿಜ ಹೇಗೆ ಕಮ್ಮಿ ಆಗುತ್ತದೆ? ಕೆಂಗೇರಿ ಕಡೆಯ ಬೋರ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬಕೆಟ್‌ಗೆಲ್ಲ ಬಿಳಿ ಪಟ್ಟೆ.

ಟ್ಯಾಂಕ್_ತಾತ · 2:10

ಅಮ್ಮ, ನಿಮ್ಮ ಮನೆಯಲ್ಲಿ ಸೋಪು ನೊರೆ ಬರುತ್ತದೆಯಾ?

ಕೆಂಗೇರಿ_ಕಿಟಕಿ · 2:16

ಮೊದಲು ಬರುತ್ತಿರಲಿಲ್ಲ. ಈಗ ಚೆನ್ನಾಗಿ ಬರುತ್ತದೆ, ತೊಳೆದರೂ ಕೈ ಜಾರುತ್ತದೆ. ಫೆಬ್ರವರಿಯಲ್ಲಿ ಅಪಾರ್ಟ್‌ಮೆಂಟ್‌ನವರು ಪಂಪ್ ರೂಮಿನಲ್ಲಿ ದೊಡ್ಡ ಸಿಲಿಂಡರ್ ಥರದ್ದು ಎರಡು ಹಾಕಿಸಿದರು. ತಿಂಗಳಿಗೊಮ್ಮೆ ಉಪ್ಪಿನ ಮೂಟೆ ಬರುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹೊಳೆದಂಡೆ · 2:17

ಉಪ್ಪಿನ ಮೂಟೆ!!! ಸಿಕ್ಕಿಬಿದ್ದ.

ಬಾಟನಿ_ಮೇಷ್ಟ್ರು · 2:45

ತಾತನಿಗೆ ದೊಡ್ಡ ನಮಸ್ಕಾರ. ಅದು ಸಾಫ್ಟ್‌ನರ್. ಒಳಗೆ ರೆಸಿನ್ ಎಂಬ ಸಣ್ಣ ಮಣಿಗಳಿರುತ್ತವೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಶಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪು ನೀರಿನಲ್ಲಿ ತೊಳೆದು ಮತ್ತೆ ತಯಾರು ಮಾಡುತ್ತಾರೆ. ಆ ಮೂಟೆ ಅದಕ್ಕೇ.

ಈಗ ಪಾಚಿ ಅವರ ಪ್ರಶ್ನೆಗೆ. ಟಿಡಿಎಸ್ ಮೀಟರ್‌ಗೆ ಯಾವ ಉಪ್ಪು ಅಂತ ಗೊತ್ತಾಗುವುದಿಲ್ಲ. ಕರಗಿದ್ದು ಎಷ್ಟು ಅಂತ ಅಂದಾಜು ಮಾತ್ರ ಹೇಳುತ್ತದೆ. ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದರೆ ಮೀಟರ್ ಹೆಚ್ಚುಕಮ್ಮಿ ಅಷ್ಟೇ ತೋರಿಸುತ್ತದೆ. ಮನೆಯಲ್ಲಿ ಹತ್ತು ಜನ ಇದ್ದಾರೆ ಅಂತ ಲೆಕ್ಕ ಕೊಟ್ಟ ಹಾಗೆ. ನೆಂಟರೋ ಮನೆಯವರೋ ಅಂತ ಹೇಳಲಿಲ್ಲ.

ಎಲೆ ತಿರುಚುವುದಕ್ಕೂ ಇದೇ ಕಾರಣ ಇರಬೇಕು. ಗಿಡದೊಳಗೆ ಕ್ಯಾಲ್ಸಿಯಂ ಒಮ್ಮೆ ಒಂದು ಎಲೆಯಲ್ಲಿ ಕೂತರೆ ಮತ್ತೆ ಎದ್ದು ಬರುವುದಿಲ್ಲ. ಹೊಸ ಎಲೆಗೆ ಹೊಸದಾಗಿಯೇ ಬೇಕು. ಸಿಗದಿದ್ದರೆ ಎಲೆ ಚಿಕ್ಕದಾಗಿ, ಸುರುಟಿ ಹುಟ್ಟುತ್ತದೆ. ಮೆಗ್ನೀಶಿಯಂ ಹಾಗಲ್ಲ, ಹಳೆಯ ಎಲೆಯಿಂದ ಹೊಸದಕ್ಕೆ ಓಡುತ್ತದೆ. ಅದು ಕಮ್ಮಿಯಾದರೆ ಹಳೆಯ ಎಲೆ ಹಳದಿಯಾಗುತ್ತದೆ.

ಫೆಬ್ರವರಿಯಲ್ಲಿ ಸಾಫ್ಟ್‌ನರ್ ಬಂತು, ಏಪ್ರಿಲ್‌ನಲ್ಲಿ ಗಿಡ ಕೆಟ್ಟಿತು. ಮಧ್ಯದ ಎರಡು ತಿಂಗಳು ಟ್ಯಾಂಕಿನಲ್ಲಿ ಉಳಿದಿದ್ದ ಹಳೆಯ ನೀರಿನ ಕ್ಯಾಲ್ಸಿಯಂನಲ್ಲಿ ನಡೆದಿರಬೇಕು. ಈ ಗಿಡಗಳ ಫಜೀತಿಯೇ ಇದು. ಇವತ್ತು ನೀವು ನೋಡುತ್ತಿರುವ ಎಲೆ ಎರಡು ತಿಂಗಳ ಹಿಂದಿನ ಸುದ್ದಿ. ನಿನ್ನೆ ಏನು ಮಾಡಿದೆ ಅಂತ ಹುಡುಕಿದರೆ ತಪ್ಪು ಕಡೆ ಹುಡುಕುತ್ತೀರಿ.

ಪಾಚಿ_ಶತ್ರು · 2:58

ಸೋತೆ. ಆದರೆ ಪಾಚಿ ಲೈಟಿಂದಲೇ ಬಂದಿದ್ದು, ಅದನ್ನು ಬಿಡುವುದಿಲ್ಲ.

ಟ್ಯಾಂಕ್_ತಾತ · 3:05

ಯಾರೂ ಬಿಡಿ ಅನ್ನಲಿಲ್ಲಪ್ಪ. ಎರಡೂ ಇದೆ. ಗಿಡ ಬೆಳೆಯುತ್ತಿಲ್ಲ, ಬೆಳಕು ಸುಮ್ನೆ ಸುರಿಯುತ್ತಿದೆ, ಪಾಚಿ ತಿಂದು ಕೊಬ್ಬಿದೆ.

ಅಳೆಯದೆ ಏನೂ ಮಾಡಬೇಡಮ್ಮ. ಜಿಎಚ್ ಕಿಟ್ ತಾ, ನೀರಿನ ಗಡಸುತನ ಅಳೆಯುವುದು. ಎಷ್ಟು ಹನಿಗೆ ಬಣ್ಣ ಬದಲಾಗುತ್ತದೋ ಅಷ್ಟು ಡಿಗ್ರಿ. ಮನೆ ನಲ್ಲಿಯದು, ಸಾಫ್ಟ್‌ನರ್‌ಗೆ ಹೋಗುವ ಮೊದಲಿನದು, ಎರಡನ್ನೂ ನೋಡು. ಸಾಮಾನ್ಯವಾಗಿ ತೋಟದ ನಲ್ಲಿಗೆ ನೇರ ಬೋರ್ ನೀರು ಬಿಟ್ಟಿರುತ್ತಾರೆ.

ಗಿರಿನಗರ_ಗಪ್ಪಿ · 3:20

ಕಿಟ್ ಬರುವ ತನಕ ನಮ್ಮ ಅಜ್ಜಿಯ ಟೆಸ್ಟ್ ಮಾಡಿ: ತೊಗರಿಬೇಳೆ. ಗಡಸು ನೀರಲ್ಲಿ ಬೇಳೆ ಬೇಯುವುದೇ ಇಲ್ಲ. ನಮ್ಮ ಏರಿಯಾಕ್ಕೆ ಕಾವೇರಿ ನೀರು ಬಂದ ದಿನ ಅಜ್ಜಿ ಹೇಳಿದ್ದು "ಸಾರು ಈಗ ಸಾರಿನ ಥರ ಆಯ್ತು" ಅಂತ.

ಕೆಂಗೇರಿ_ಕಿಟಕಿ · 3:26

ನಮಗೆ ಇನ್ನೂ ಆ ಭಾಗ್ಯ ಇಲ್ಲ. ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲೇ ಉದ್ಘಾಟನೆ ಆಯಿತು. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಸಂಪರ್ಕದ ದುಡ್ಡು ಯಾರು ಎಷ್ಟು ಕೊಡಬೇಕು ಅಂತ ಇನ್ನೂ ಮೀಟಿಂಗ್ ನಡೆಯುತ್ತಿದೆ.

ಲೈಟ್_ಲೋಕಿ · ಸಂಜೆ 6:40

ತಡವಾಗಿ ಬಂದೆ. ಕಪ್ಪು ಗಡ್ಡ ಪಾಚಿಗೆ ಔಷಧ: ಮೆಡಿಕಲ್ ಶಾಪ್‌ನಲ್ಲಿ 3% ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಗಿಡವನ್ನು ನೀರಿನಿಂದ ತೆಗೆದು ಪಾಚಿ ಇರುವ ಕಡೆ ಬ್ರಷ್‌ನಿಂದ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆದು ವಾಪಸ್ ಹಾಕಿ. ಎರಡು ಮೂರು ದಿನದಲ್ಲಿ ಪಾಚಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸತ್ತಿತು ಅಂತ ಅರ್ಥ.

ಬಾಟನಿ_ಮೇಷ್ಟ್ರು · 6:52

ಬಾಟಲಿ ಮೇಲೆ ಓದಿ. ನಮ್ಮಲ್ಲಿ ಹೆಚ್ಚಾಗಿ ಸಿಗುವುದು 6%, ಅಂದರೆ 20 ವಾಲ್ಯೂಮ್. ಅಷ್ಟೇ ನೀರು ಬೆರೆಸಿದರೆ 3% ಆಗುತ್ತದೆ. ಕೈಗವಸು ಹಾಕಿಕೊಳ್ಳಿ.

ಪಾಚಿ_ಶತ್ರು · 6:55

ಪೂರ್ತಿ ಕಪ್ಪಾದ ಎಲೆಯನ್ನು ಕತ್ತರಿಸಿ ಎಸೆಯಿರಿ. ಆದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಂದೇ ಸಲ ಬೇಡ. ತಿಂಗಳಿಗೊಂದು ಎಲೆ ಬಿಡುವ ಗಿಡ ಅದು, ಬೋಳು ಮಾಡಿದರೆ ಮುಂದಿನ ಯುಗಾದಿವರೆಗೆ ಕಾಯಬೇಕು.

ಹೊಳೆದಂಡೆ · 7:15

ಕ್ರಿಪ್ಟೊ ಕಿತ್ತು ಹಾಕಿಲ್ಲ ತಾನೇ? ಎಲೆ ಕರಗಿದರೂ ಬೇರು ಬದುಕಿರುತ್ತದೆ. ನೀರು, ಜಾಗ, ಬೆಳಕು ಏನು ಬದಲಾದರೂ ಅದಕ್ಕೆ ಸಿಟ್ಟು. ಮುಟ್ಟದೆ ಬಿಡಿ, ಮೂರು ನಾಲ್ಕು ವಾರದಲ್ಲಿ ಮತ್ತೆ ಚಿಗುರುತ್ತದೆ. ಬದುಕಿದೆಯಾ ಅಂತ ದಿನಾ ಎಳೆದು ನೋಡಿದರೆ ಮಾತ್ರ ನಿಜವಾಗಿ ಸಾಯುತ್ತದೆ.

ಅಂದಹಾಗೆ ಕ್ರಿಪ್ಟೊ ನಮ್ಮದೇ ಗಿಡ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಸ್ಪೈರಾಲಿಸ್, ರೆಟ್ರೊಸ್ಪೈರಾಲಿಸ್ ಎಂಬ ಕ್ರಿಪ್ಟೊ ಜಾತಿಗಳು ಇವೆ. ಅದರ ಹತ್ತಿರದ ನೆಂಟ ಲ್ಯಾಜೆನಾಂಡ್ರಾ ಕೂಡ ಇದೆ. ಚಿಕ್ಕಂದಿನಲ್ಲಿ ನಾವು ಅವುಗಳ ಮೇಲೆ ಕಾಲಿಟ್ಟುಕೊಂಡೇ ಏಡಿ ಹಿಡಿಯುತ್ತಿದ್ದೆವು. ಈಗ ಅದನ್ನೇ ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ತರುತ್ತೇನೆ.

ಎಚ್‌ಎಸ್‌ಆರ್_ಹುಡುಗ · 7:18

ಮುಂದಿನ ಸಲ ಊರಿಗೆ ಹೋದಾಗ ಒಂದು ಚೀಲ ತನ್ನಿ ಅಣ್ಣ, ಹಂಚಿಕೊಳ್ಳೋಣ.

ಹೊಳೆದಂಡೆ · 7:24

ತರುವುದಿಲ್ಲ ಮಾರಾಯ. ಅಭಯಾರಣ್ಯದೊಳಗಿಂದ ಕಿತ್ತರೆ ಅಪರಾಧ, 1972ರ ವನ್ಯಜೀವಿ ಕಾಯ್ದೆ ಇದೆ. ಹೊರಗೆ ಕಿತ್ತರೂ ನನಗೆ ಮನಸ್ಸು ಬರುವುದಿಲ್ಲ. ಹೊಳೆಯಲ್ಲಿ ಒಂದು ಮಡು ತುಂಬಲು ಆ ಗಿಡಕ್ಕೆ ಎಷ್ಟು ವರ್ಷ ಹಿಡಿಯುತ್ತದೆ ಅಂತ ಟ್ಯಾಂಕ್ ಇಟ್ಟವರಿಗೆ ಹೇಳಬೇಕಾ? ನರ್ಸರಿಯಲ್ಲಿ ಬೆಳೆಸಿದ್ದು ತೆಗೆದುಕೊಳ್ಳಿ.

ಬಾಟನಿ_ಮೇಷ್ಟ್ರು · 7:40

ಇನ್ನೊಂದು ತಮಾಷೆ ಕೇಳಿ. ಅನುಬಿಯಾಸ್, ಕ್ರಿಪ್ಟೊ, ಬೋರ್ನಿಯೋದ ಬ್ಯೂಸ್ ಮೂರೂ ನಮ್ಮ ಕೆಸುವಿನ ಕುಟುಂಬ. ಸುವರ್ಣಗಡ್ಡೆ, ಮನಿ ಪ್ಲಾಂಟ್ ಕೂಡ ಅದೇ ಮನೆತನ. ಕೆಸು ತಿಂದರೆ ಗಂಟಲು ಕೆರೆಯುತ್ತದಲ್ಲ, ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿ ಹರಳುಗಳಿಂದ. ಅನುಬಿಯಾಸ್‌ನಲ್ಲೂ ಅದಿದೆ. ಎಲೆಯೂ ಚರ್ಮದ ಹಾಗೆ ಗಟ್ಟಿ. ಗಿಡ ಕಡಿಯುವ ಮೀನುಗಳೂ ಇದನ್ನು ಬಿಡುವುದು ಅದಕ್ಕೇ.

ಗಿರಿನಗರ_ಗಪ್ಪಿ · 7:43

ಹಾಗಾದರೆ ಅನುಬಿಯಾಸ್‌ನಲ್ಲಿ ಪತ್ರೊಡೆ ಮಾಡಬಹುದಾ?

ಹೊಳೆದಂಡೆ · 7:45

ಹೆಬ್ಬೆರಳಷ್ಟು ಎಲೆ. ಒಂದು ಪತ್ರೊಡೆಗೆ ಹದಿನೈದು ವರ್ಷ ಕಾಯಬೇಕು.

ಟ್ಯಾಂಕ್_ತಾತ · 7:58

ಪತ್ರೊಡೆಗೆ ಹುಣಸೆ ಧಾರಾಳ ಹಾಕಬೇಕು, ಇಲ್ಲವಾದರೆ ಕೆರೆತ. ನಮ್ಮಾಕೆ ಮಂಗಳೂರಿನವಳು. ಎಲೆ ಎಳೆಯದಾಗಿರಬೇಕು, ನಾರು ತೆಗೆದಿರಬೇಕು, ಅಕ್ಕಿ ಹಿಟ್ಟು ಮಸಾಲೆ ತೆಳ್ಳಗೆ ಸವರಬೇಕು. ಬೆಂಗಳೂರಿನ ಹೋಟೆಲಿನವರು ಗೋಡೆಗೆ ಗಾರೆ ಬಳಿದಂತೆ ಬಳಿಯುತ್ತಾರೆ.

ಲೈಟ್_ಲೋಕಿ · 8:02

ಹುಣಸೆ ಅಲ್ಲ ತಾತ, ನಮ್ಮ ಕಡೆ ಅಮಟೆಕಾಯಿ.

ಪಾಚಿ_ಶತ್ರು · 8:05

ಇದು ಗಿಡದ ಗುಂಪಾ, ಅಡುಗೆ ಗುಂಪಾ?

ಟ್ಯಾಂಕ್_ತಾತ · 8:06

ಊಟದ ಹೊತ್ತು.

ಕೆಂಗೇರಿ_ಕಿಟಕಿ · ಗುರುವಾರ, ರಾತ್ರಿ 9:10

ಕಿಟ್ ಬಂತು. ಮನೆ ನಲ್ಲಿ ನೀರಿಗೆ ಒಂದೇ ಹನಿಗೆ ಬಣ್ಣ ಬದಲಾಯಿತು. ನಾನು ಕಿಟ್ ಕೆಟ್ಟಿದೆ ಅಂದುಕೊಂಡೆ. ತೋಟದ ನಲ್ಲಿಯದಕ್ಕೆ ಹನಿ ಹಾಕಿ ಹಾಕಿ ಸುಸ್ತಾಯಿತು, 22 ಹನಿ. ಮಗಳು ಜೋರಾಗಿ ಎಣಿಸುತ್ತಿದ್ದಳು. ಟಿಡಿಎಸ್ ಮಾತ್ರ ಒಂದು 780, ಇನ್ನೊಂದು 760. ಎಂಟು ತಿಂಗಳು ಆ ಮೀಟರ್ ನಂಬಿಕೊಂಡಿದ್ದೆನಲ್ಲ!

ಈಗ ತೋಟದ ನೀರು ಒಂದು ಭಾಗ, ಮನೆ ನೀರು ಮೂರು ಭಾಗ ಬೆರೆಸಲಾ?

ಬಾಟನಿ_ಮೇಷ್ಟ್ರು · 9:22

ಜಿಎಚ್ ಲೆಕ್ಕಕ್ಕೆ ಆರರ ಹತ್ತಿರ ಬರುತ್ತದೆ, ಸರಿ. ಆದರೆ ಮುಕ್ಕಾಲು ಭಾಗದ ಸೋಡಿಯಂ ಹಾಗೇ ಉಳಿಯುತ್ತದೆ. ಮನೆ ನೀರಿನ ಬದಲು ಬೇರೆ ಏನಾದರೂ ಮೆದು ನೀರು ಬೇಕು. ಆರ್‌ಒ ನೀರು ಇದೆಯಾ?

ಕೆಂಗೇರಿ_ಕಿಟಕಿ · 9:25

ಇದೆ. ಮೀನಿಗೆ ಕುಡಿಯುವ ನೀರು ಸುರಿದರೆ ಮಾವನವರು ಮೂರು ದಿನ ಮಾತಾಡುವುದಿಲ್ಲ. 2024ರ ಮಾರ್ಚ್‌ನಲ್ಲಿ ಟ್ಯಾಂಕರ್‌ಗೆ ಕಾದು ಕೂತವರು ಅವರು.

ಟ್ಯಾಂಕ್_ತಾತ · 9:31

ಮೇಲೆ ನೋಡಮ್ಮ, ಆಕಾಶ! ಜೂನ್ ಮುಗಿಯುತ್ತಿದೆ, ಮಳೆ ಬರುತ್ತಿದೆ. ಬೆಂಗಳೂರಿನಲ್ಲಿ ದೊಡ್ಡ ಕಟ್ಟಡಗಳಿಗೆ ಮಳೆ ನೀರು ಕೊಯ್ಲು 2009ರಿಂದ ಕಡ್ಡಾಯ. ನಿಮ್ಮಲ್ಲೂ ಪೈಪ್ ಇರುತ್ತದೆ. ಹತ್ತು ನಿಮಿಷ ಚೆನ್ನಾಗಿ ಮಳೆ ಬಿದ್ದು ಛಾವಣಿಯ ಧೂಳು, ಪಾರಿವಾಳದ ಹಿಕ್ಕೆ ತೊಳೆದು ಹೋದ ಮೇಲೆ ಬಕೆಟ್ ಇಡು. ತೋಟದ ನೀರು ಒಂದು ಬಕೆಟ್, ಮಳೆ ನೀರು ಮೂರು. ಒಂದೇ ಸಲ ಎಲ್ಲ ಬದಲಾಯಿಸಬೇಡ, ವಾರಕ್ಕೆ ಕಾಲು ಭಾಗ. ಮಾಲಿಗೆ ಇನ್ನೂ ಸ್ವಲ್ಪ ಗಡಸು ಬೇಕು ಅನ್ನಿಸಿದರೆ ಒಂದಕ್ಕೆ ಎರಡು ಮಾಡು.

ಎಚ್‌ಎಸ್‌ಆರ್_ಹುಡುಗ · 9:33

ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿದರೆ ಕ್ಯಾಲ್ಸಿಯಂ ಸಿಗುವುದಿಲ್ವಾ?

ಬಾಟನಿ_ಮೇಷ್ಟ್ರು · 9:36

ಹುಳಿ ಇಲ್ಲದ ನೀರಿನಲ್ಲಿ ಅದು ಕರಗುವುದೇ ಕಷ್ಟ. ಮೆಗ್ನೀಶಿಯಂ ಅಂತೂ ಅದರಲ್ಲಿ ಹೇಳಿಕೊಳ್ಳುವಷ್ಟಿಲ್ಲ. ತೋಟದ ನಲ್ಲಿಯಲ್ಲಿ ಎರಡೂ ಬಿಟ್ಟಿ ಸಿಗುವಾಗ ಸಿಪ್ಪೆ ಯಾಕೆ.

ಕೆಂಗೇರಿ_ಕಿಟಕಿ · 9:50

ಕೊನೆಯ ಪ್ರಶ್ನೆ. ಕೊಳೆತ ಗಿಡ, ಹೆಚ್ಚಾದ ಬಸವನಹುಳು ಎಲ್ಲ ಪಕ್ಕದ ಕೆರೆಗೆ ಹಾಕಿ ಬರಲಾ? ಜೀವ ಅಲ್ವಾ, ಕಸಕ್ಕೆ ಹಾಕಲು ಮನಸ್ಸಿಲ್ಲ.

ಹೊಳೆದಂಡೆ · 9:51

ಬೇಡ ಬೇಡ ಬೇಡ.

ಲೈಟ್_ಲೋಕಿ · 9:58

ಬೆಳ್ಳಂದೂರು ಕೆರೆ ತುಂಬ ಹರಡಿದ ಅಂತರಗಂಗೆ ನೋಡಿಲ್ವಾ? ಅದೂ ಹೀಗೆ ಯಾರೋ ಅಂದಕ್ಕೆ ಅಂತ ಹೊರದೇಶದಿಂದ ತಂದಿದ್ದು.

ಬಾಟನಿ_ಮೇಷ್ಟ್ರು · 10:07

ನೇರಳೆ ಹೂ ಬಿಡುವ ಅದಕ್ಕೂ ಜನ ಅಂತರಗಂಗೆ ಅಂತಲೇ ಹೇಳುತ್ತಾರೆ, ಆದರೆ ಪುಸ್ತಕದ ಅಂತರಗಂಗೆ ಎಲೆಕೋಸಿನ ಥರ ತೇಲುವ ಪಿಸ್ಟಿಯಾ. ಬೆಳ್ಳಂದೂರಿನದು ದಕ್ಷಿಣ ಅಮೆರಿಕದ ವಾಟರ್ ಹಯಸಿಂತ್. ಅದಿರಲಿ, ಮಾತು ಸರಿ. 2020ರಲ್ಲಿ ಕೋಳಿಕ್ಕೋಡ್ ಹತ್ತಿರದ ಒಂದು ತೋಡಿನಲ್ಲಿ ಗುಲಾಬಿ ಹೂ ಹಾಸಿಗೆ ಹಾಸಿತ್ತು ಅಂತ ಎಲ್ಲರೂ ಫೋಟೋಗೆ ಓಡಿದರಲ್ಲ, ಅದು ಕಬೊಂಬಾ. ಅಕ್ವೇರಿಯಂ ಗಿಡವೇ. ನಿಮ್ಮ ಅನುಬಿಯಾಸ್ ಕೆರೆಯನ್ನೇನೂ ಮುಚ್ಚುವುದಿಲ್ಲ, ಅದಕ್ಕೆ ಅಷ್ಟು ಅವಸರ ಎಲ್ಲಿದೆ. ಆದರೆ ಜೊತೆಗೆ ಹೋಗುವ ಬಸವನಹುಳು, ಪಾಚಿ, ಗಪ್ಪಿ ಮರಿ? ಬಿಸಿಲಲ್ಲಿ ಒಣಗಿಸಿ ಹೂಕುಂಡಕ್ಕೆ ಹಾಕಿ.

ಕೆಂಗೇರಿ_ಕಿಟಕಿ · ಎಂಟು ವಾರದ ನಂತರ, ಶನಿವಾರ

ಮರೆತಿರಬಹುದು, ನಾನು ಉಪ್ಪಿನ ಮೂಟೆಯವಳು.

ಜಿಎಚ್ ಈಗ 7ರಲ್ಲಿ ನಿಂತಿದೆ. ಲೈಟ್ ಆರು ಗಂಟೆ. ಮಾವನವರಿಗೆ ಕತ್ತಲಲ್ಲಿ ಸೀರಿಯಲ್ ರುಚಿಸದೆ, ಟೈಮರ್ ಸಂಜೆ 4ರಿಂದ 10ಕ್ಕೆ ಇಟ್ಟೆವು, ಎಲ್ಲರಿಗೂ ಸಮಾಧಾನ. ಮಾಲಿ ನಡುಕ ಎರಡನೇ ವಾರಕ್ಕೇ ನಿಂತಿತು. ಕ್ರಿಪ್ಟೊ ಐದು ಎಲೆ ಬಿಟ್ಟಿದೆ, ಎಲ್ಲ ಕಂದು ಬಣ್ಣ, ಮೊದಲಿನ ಹಾಗೆ ಹಸಿರಿಲ್ಲ. ಪರವಾಗಿಲ್ಲವಾ?

ಅನುಬಿಯಾಸ್ ಆರು ವಾರ ಏನೂ ಮಾಡಲಿಲ್ಲ. ಎತ್ತಿ ಎಸೆಯೋಣ ಅನ್ನಿಸಿ ಮೇಷ್ಟ್ರು ಬರೆದಿದ್ದನ್ನು ಮತ್ತೆ ಓದಿದೆ. ಕಳೆದ ಮಂಗಳವಾರ ಸುತ್ತಿಕೊಂಡ ಒಂದು ತಿಳಿ ಹಸಿರು ಎಲೆ ಬಂದಿದೆ. ಇವತ್ತು ಬಿಚ್ಚಿತು. ನೇರವಾಗಿದೆ, ತಿರುಚಿಲ್ಲ!

ಹೊಳೆದಂಡೆ · ಶನಿವಾರ

ಕಂದು ಬಂದರೆ ಒಳ್ಳೆಯದೇ. ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆದ ಎಲೆ ಹಸಿರು, ನೀರೊಳಗೆ ಹುಟ್ಟಿದ್ದು ಬೇರೆ ಬಣ್ಣ.

ಪಾಚಿ_ಶತ್ರು · ಶನಿವಾರ

ಪಾಚಿ?

ಕೆಂಗೇರಿ_ಕಿಟಕಿ · ಶನಿವಾರ

ಹಳೆಯ ಎರಡು ಎಲೆ ಮೇಲೆ ಚುಕ್ಕಿ ಇದೆ. ಹೊಸದರ ಮೇಲೆ ಇಲ್ಲ. ನೀವು ಹೇಳಿದ್ದೇ ಸರಿ, ಸಾಕಾ?

ಪಾಚಿ_ಶತ್ರು · ಶನಿವಾರ

ಸಾಕು. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಟ್ಯಾಂಕ್_ತಾತ · ಶನಿವಾರ

ಸಂತೋಷ ಅಮ್ಮ. ಮಳೆ ನಿಲ್ಲುವ ಮೊದಲು ಎರಡು ಡ್ರಮ್ ತುಂಬಿ ಮುಚ್ಚಿಡು, ಇಲ್ಲವಾದರೆ ಸೊಳ್ಳೆ. ಮತ್ತೆ ನಿಮ್ಮ ತೋಟದ ನಲ್ಲಿ ಪಕ್ಕ ತೇವ ಇರುತ್ತದಲ್ಲ, ಕೆಸು ಬೆಳೆದಿದೆಯಾ?

ಕೆಂಗೇರಿ_ಕಿಟಕಿ · ಶನಿವಾರ

ಬೆಳೆದಿದೆ ತಾತ, ಒಂದು ಪೊದೆ. ಎಲೆ ಆನೆ ಕಿವಿಯಷ್ಟು.

ಟ್ಯಾಂಕ್_ತಾತ · ಶನಿವಾರ

ಅದು ಬಲಿತಿದೆ. ಎಳೆಯದು ನೋಡು.